ಸೇಲಿಗಿಲ್ಲದ ಸೀರೆಗಳು

ಇವತ್ತು ಬೆಳಿಗ್ಗೆ ಸೊಪ್ಪು ಕೊಳ್ಳುತ್ತಿದ್ದಾಗ ಗಾಡಿಯ ನಂಜಮ್ಮ ನನ್ನ ಸೆರಗು ಜಗ್ಗಿ, ಗುಟ್ಟು ಹೇಳುವವಳ ಹಾಗೆ ಬಗ್ಗಿದಳು. "ಅಕ್ಕಾ, ಸೀರೆ ಇಂದ್ಗಡೆ ಸೀಳೈತೆ. ನೋಡ್ಕೊಳ್ದೆ ಬಂದ್‌ಬುಟ್ಟಿದ್ದೀರಲ್ಲ." ನೋಡಿಕೊಳ್ಳದೆ ಬಂದವಳಲ್ಲ ನಾನು. ಸೀಳಿದೆ ಎಂದು ಗೊತ್ತಿದ್ದೇ ಉಟ್ಟಿದ್ದೆ. ಆದರೆ ಕೈಯಲ್ಲಿ ದಂಟಿನ ಸೊಪ್ಪಿನ ಕಟ್ಟು ಹಿಡಿದು, ಹಿಂದೆ ನಾಲ್ಕು ಜನ ಕಾಯುತ್ತಿರುವಾಗ, ಹರಿದ ರೇಷ್ಮೆ ಸೀರೆ ಉಟ್ಟು ತರಕಾರಿ ಕೊಳ್ಳಲು ಬರುವ ಹೆಂಗಸಿನ ಕಥೆಯನ್ನು ಎಲ್ಲಿಂದ ಶುರು ಮಾಡುವುದು? "ಹಳೇದು ಕಣಮ್ಮಾ" ಎಂದು ಹೇಳಿ ಬಂದುಬಿಟ್ಟೆ. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನಿಮಗೇನೂ ಅವಸರವಿಲ್ಲ ಎಂದುಕೊಂಡಿದ್ದೇನೆ.

ನನ್ನ ತವರು ಕೆಂಪಾಪುರ. ಮದುವೆಯಾಗಿ ಬಂದದ್ದು ಆರ್.ಟಿ. ನಗರಕ್ಕೆ. ನಡುವೆ ಇರುವುದು ಹೆಬ್ಬಾಳದ ಕೆರೆ, ಅದರ ಪಕ್ಕದ ಫ್ಲೈಓವರ್, ಅಷ್ಟೇ. ಟ್ರಾಫಿಕ್ ಇಲ್ಲದಿದ್ದರೆ ಅನ್ನಕ್ಕಿಟ್ಟು ಹೋಗಿ ಬರಬಹುದು ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು. ಟ್ರಾಫಿಕ್ ಇಲ್ಲದ ದಿನವನ್ನು ಅವರೂ ಕಂಡಿಲ್ಲ, ನಾನೂ ಕಂಡಿಲ್ಲ. ಅಪ್ಪ ಅಮ್ಮ ಬೇಗ ಹೋದರು. ಹಾಗಾಗಿ ನನಗೆ ತವರು ಎಂದರೆ ಅಣ್ಣ.

ಗೌರಿ ಹಬ್ಬದ ಹಿಂದಿನ ದಿನ ಅಣ್ಣ ನಮ್ಮ ಮನೆಗೆ ಬರುತ್ತಿದ್ದ. ಬರುವ ದಾರಿಯಲ್ಲಿ ನಮ್ಮ ಬೀದಿಯ ಕೊನೆಯ ರೆಹಮಾನ್ ಭಾಯ್ ಬಟ್ಟೆ ಅಂಗಡಿಗೆ ಹೋಗಿ ಸೀರೆ ಆರಿಸುತ್ತಿದ್ದ. ಅತ್ತಿಗೆಯನ್ನು ಕರೆದುಕೊಂಡು ಬರುತ್ತಿರಲಿಲ್ಲ. ಹೊಲದ ಮಣ್ಣು ಅಂಟಿದ ಬೆರಳುಗಳಲ್ಲಿ ಅಂಚನ್ನು ಉಜ್ಜಿ ನೋಡುವುದು, ಮೂಗಿಗೆ ಹಿಡಿಯುವುದು, ಬಾಗಿಲಿನ ಬೆಳಕಿಗೆ ಒಯ್ಯುವುದು. ಎತ್ತು ಕೊಳ್ಳುವವನೂ ಇಷ್ಟು ನೋಡಲಾರ. ಕೊನೆಗೆ ಅವನು ತರುತ್ತಿದ್ದದ್ದು ಕಡು ಬಣ್ಣ, ಅಗಲ ಅಂಚು. ನನಗೋ ತಿಳಿ ಬಣ್ಣ, ಸಣ್ಣ ಅಂಚು ಇಷ್ಟ. ಒಂದು ಸಲವೂ ಬಾಯಿ ಬಿಟ್ಟು ಹೇಳಲಿಲ್ಲ.

ಹೊಸ ಬಟ್ಟೆಯ ಮೂಲೆಗೆ ಅರಿಶಿನ ಮುಟ್ಟಿಸುವುದು ನಿಮ್ಮ ಮನೆಯಲ್ಲೂ ಉಂಟು. ಎಲ್ಲರೂ ಒಂದು ಚುಕ್ಕೆ ಇಟ್ಟರೆ ನಮ್ಮಣ್ಣ ಹೆಬ್ಬೆರಳನ್ನೇ ಒತ್ತುತ್ತಿದ್ದ. ಅವನ ಹೆಬ್ಬೆರಳು ಚಪ್ಪಟೆ. ಚಿಕ್ಕಂದಿನಲ್ಲಿ ಗಾಡಿಯ ಚಕ್ರಕ್ಕೆ ಸಿಕ್ಕಿದ್ದು, ಉಗುರು ಅರ್ಧವೇ ಇದೆ. ಆ ಗುರುತನ್ನು ನಾನು ಕತ್ತಲಲ್ಲಿ ಮುಟ್ಟಿಯೂ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಇನ್ನು ನಮ್ಮತ್ತೆಯವರ ಟ್ರಂಕಿನ ಮಾತು. ಅತ್ತೆ ಒಳ್ಳೆಯವರು, ಸುಳ್ಳು ಹೇಳಬಾರದು. ಆದರೆ ಮನೆಗೆ ತಾಂಬೂಲದಲ್ಲಿ ಬಂದ ಬಟ್ಟೆಯೆಲ್ಲ ಆ ಟ್ರಂಕಿಗೇ ಸೇರಬೇಕು. ರವಿಕೆ ಕಣ, ಪಂಚೆ, ಟವೆಲು, ಸೀರೆ, ಎಲ್ಲ. ಯಾರದಾದರೂ ನಾಮಕರಣ, ಗೃಹಪ್ರವೇಶ ಬಂತೆಂದರೆ ಮುಚ್ಚಳ ತೆಗೆದು, ಕೈಗೆ ಬಂದದ್ದನ್ನು ತೆಗೆದು ತಟ್ಟೆಗಿಡುತ್ತಿದ್ದರು. ಯಾವ ಮನೆಯಲ್ಲೂ ಇದು ಹೊಸದಲ್ಲ. ಒಂದು ಗಿಣಿಹಸಿರು ರವಿಕೆ ಕಣ ನಮ್ಮ ಮನೆಯಿಂದ ಹೊರಟು, ಯಶವಂತಪುರ, ಯಲಹಂಕ ಎಲ್ಲ ಸುತ್ತಿ, ಯಾರ ಮೈಮೇಲೂ ಕೂರದೆ ನಮ್ಮ ಮನೆಗೇ ವಾಪಸು ಬಂದಿತ್ತು. ಅತ್ತೆ ಹಳೇ ನೆಂಟರನ್ನು ಕಂಡಂತೆ ಅದನ್ನು ಒಳಗಿಟ್ಟುಕೊಂಡರು. ಅತ್ತೆ ಸೊಸೆ ಇಬ್ಬರೂ ಆವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಒಂದು ವರ್ಷ ಅಣ್ಣ ಒಂದು ಸೀರೆ ತಂದ. ಬದನೆಕಾಯಿ ಬಣ್ಣ, ಸಾಸಿವೆ ಹೂವಿನ ಅಂಚು. ಅದೊಂದು ಮಾತ್ರ ನಿಜವಾಗಿ ನನಗೆ ಹಿಡಿಸಿತು. ಹಬ್ಬಕ್ಕೂ ಉಡದೆ, ಅಕ್ಕಪಕ್ಕದ ಮದುವೆಗೆ ಉಟ್ಟು ಮೆರೆಯೋಣವೆಂದು ಎತ್ತಿಟ್ಟೆ. ಎತ್ತಿಟ್ಟದ್ದು ಟ್ರಂಕಿನಲ್ಲಿ. ಬೇರೆ ಕಡೆ ಜಾಗವೆಲ್ಲಿತ್ತು? ಮದುವೆ ಬಂದಾಗ ನೋಡಿದರೆ ಸೀರೆ ಇಲ್ಲ. ಅತ್ತೆಯ ಮುಖ ಸಣ್ಣದಾಯಿತು. "ಅಯ್ಯೋ, ಅದು ನಿಂದಾ? ಮೇಲ್ಗಡೆನೇ ಇತ್ತಲ್ಲೇ. ಮಾಕಳಿ ನೆಂಟರ ಗೃಹಪ್ರವೇಶಕ್ಕೆ ಕೊಟ್ಬಿಟ್ಟೆ." ಕಣ್ಣು ಮಂಜಾಗಿದ್ದ ಮುದುಕಿಯನ್ನು ಏನೆಂದು ಬೈಯಲಿ? ಹೋಗಲಿ ಬಿಡಿ ಎಂದೆ. ಹೋದದ್ದು ಅಲ್ಲಿಗೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ನೆಂಟರ ಮನೆಯ ಮದುವೆ. ಛತ್ರದ ಬಾಗಿಲಲ್ಲಿ ಅತ್ತಿಗೆ ಎದುರಾದಳು. ಬದನೆಕಾಯಿ ಬಣ್ಣ, ಸಾಸಿವೆ ಹೂವಿನ ಅಂಚು. ಪಾಪ, ಅವಳಿಗೇನು ಗೊತ್ತು, ಸೆರಗು ಬಿಡಿಸಿ ತೋರಿಸಿದಳು. "ಮಾಕಳಿಯೋರು ನಾಮಕರಣದಾಗೆ ಕೊಟ್ರು ಕಣಮ್ಮ. ನೋಡು, ಅರಿಶ್ಣನೂ ಅವ್ರೇ ಅಚ್ಚಿ ಕೊಟ್ಟವ್ರೆ." ಸೆರಗಿನ ಮೂಲೆಯಲ್ಲಿ ಆ ಚಪ್ಪಟೆ ಹೆಬ್ಬೆರಳು. ಪಕ್ಕದಲ್ಲೇ ಅಣ್ಣ ನಿಂತಿದ್ದ. ಗುರುತನ್ನು ನೋಡಿದ, ನನ್ನನ್ನು ನೋಡಿದ. ನನ್ನ ಮಗ್ಗುಲಲ್ಲಿ ಅತ್ತೆ ಇದ್ದರು. ಅವರೆದುರಿಗೆ ಅವರ ಹೆಸರು ಹೇಗೆ ಹೇಳಲಿ? "ಊಟ ಆಯ್ತಾ?" ಎಂದ ಅಣ್ಣ. ಇನ್ನೂ ಧಾರೆಯೇ ಆಗಿರಲಿಲ್ಲ. ಅಷ್ಟು ಹೇಳಿ ಒಳಗೆ ಹೋದ.

ಆ ವರ್ಷದ ಗೌರಿಗೆ ಅಣ್ಣ ಬರಲಿಲ್ಲ. ಅವನಿಗೆಂದು ಮಾಡಿದ ಒಬ್ಬಟ್ಟನ್ನು ಎರಡು ದಿನ ಇಟ್ಟುಕೊಂಡು ಕಾದೆ. ಹೋಗಿ ಹೇಳಿ ಬರಬಹುದಿತ್ತು, ಒಂದು ಬಸ್ಸಿನ ಹಾದಿ. ಆದರೆ ನಮ್ಮಲ್ಲಿ ಹಬ್ಬಕ್ಕೆ ತವರಿನವರು ಬಂದು ಕರೆಯಬೇಕು, ಕರೆಯದೆ ಹೋದರೆ ಕೈಯೊಡ್ಡಿ ಹೋದ ಹಾಗೆ. ಅವನು ಕರೆಯಲಿ ಎಂದು ನಾನು, ನಾನಾಗಿ ಬರಲಿ ಎಂದು ಅವನು. ಇಬ್ಬರೂ ಒಂದೇ ತಾಯಿಯ ಹಾಲು ಕುಡಿದವರು, ಬಿಗುಮಾನಕ್ಕೆ ಕಡಿಮೆಯೇ? ಮದುವೆ ಮುಂಜಿಗಳಲ್ಲಿ ಸಿಕ್ಕರೆ "ಚೆನ್ನಾಗಿದ್ದೀಯಾ", "ಊಟ ಆಯ್ತಾ". ಅದಕ್ಕಿಂತ ಮುಂದಕ್ಕೆ ಮಾತು ಹೋಗಲಿಲ್ಲ.

ಆಮೇಲೆ ನಾನು ಮಾಡಿದ ಇನ್ನೊಂದು ಘನಕಾರ್ಯ ಕೇಳಿ. ರೆಹಮಾನ್ ಭಾಯ್ ಅಂಗಡಿಗೆ ಹೋಗುವುದನ್ನೇ ಬಿಟ್ಟೆ. ಆ ಹೊಸ ಬಟ್ಟೆಯ ಗಂಜಿ ವಾಸನೆ ಬಂದರೆ ಸಾಕು, ಅಣ್ಣ ಅಂಚು ಉಜ್ಜಿ ನೋಡುವುದು ಕಣ್ಣಿಗೆ ಕಟ್ಟುತ್ತಿತ್ತು. ಒಂದು ಲಂಗದ ಬಟ್ಟೆಗೂ ಆಟೋ ಹತ್ತಿ ಯಶವಂತಪುರಕ್ಕೆ ಹೋಗುತ್ತಿದ್ದೆ. ಮನೆಯ ಬೀದಿಯಲ್ಲೇ ಇದ್ದ ಅಂಗಡಿ ಎದುರಾದರೆ ರಸ್ತೆ ದಾಟಿ ಆಚೆಯ ಫುಟ್‌ಪಾತ್ ಹಿಡಿಯುತ್ತಿದ್ದೆ. ಅತ್ತೆ ತೀರಿಕೊಂಡರು. ಟ್ರಂಕು ಅಟ್ಟ ಸೇರಿತು. ನಾನು ಮಾತ್ರ ರಸ್ತೆ ದಾಟುತ್ತಲೇ ಇದ್ದೆ, ಅದು ಕಾಲಿಗೇ ರೂಢಿಯಾಗಿ ಹೋಗಿತ್ತು.

ಹೋದ ಗೌರಿಗೆ ಇನ್ನೂ ಎರಡು ವಾರವಿರುವಾಗ ಆ ಅಂಗಡಿಯ ಮುಂದೆ ದೊಡ್ಡ ಬ್ಯಾನರು ಬಿತ್ತು. ಅಂಗಡಿ ಖಾಲಿ ಮಾಡುತ್ತಿದ್ದೇವೆ, ಹಬ್ಬದ ಉಡುಗೊರೆಗಳು ಸಿಕ್ಕ ಬೆಲೆಗೆ. ಆಚೆಯ ಫುಟ್‌ಪಾತಿನಿಂದಲೇ ಓದಿದೆ. ನಾನೂ ಒಬ್ಬ ಹೆಂಗಸೇ ತಾನೆ. ಬಾಗಿನಕ್ಕೆ ರವಿಕೆ ಕಣ ಬೇಕು, ಎಲ್ಲೆಡೆ ಬೆಲೆ ಏರಿದೆ, ಇಲ್ಲಿ ಅರ್ಧಕ್ಕರ್ಧ. ಬಿಗುಮಾನಕ್ಕೂ ಒಂದು ಮಿತಿ ಇರಬೇಡವೇ? ಅಣ್ಣನಿಗಾಗಿ ದಾಟದ ರಸ್ತೆಯನ್ನು ಸೇಲಿಗಾಗಿ ದಾಟಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ನಡೆದದ್ದು ಹಾಗೆ.

ಒಳಗೆ ಕಾಲಿಡಲು ಜಾಗವಿಲ್ಲ. ಮೇಜಿನ ಮೇಲೆ ಬಟ್ಟೆಯ ರಾಶಿ, ಅದರ ಸುತ್ತ ಹೆಂಗಸರು. ಒಂದು ಕಟ್ಟು ರವಿಕೆ ಕಣದ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಒಬ್ಬ ಚೂಡಿದಾರದ ಹುಡುಗಿ ಹಿಡಿದಿದ್ದಳು. "ಆಂಟಿ, ನಾನ್ ಫಸ್ಟ್ ನೋಡಿದ್ದು" ಎಂದಳು. ನನ್ನ ವಯಸ್ಸಿಗೆ ಮರ್ಯಾದೆ ಕೊಡುವವಳ ಹಾಗೆ ಕಾಣಲಿಲ್ಲ. ಅರ್ಧ ಅರ್ಧ ಹಂಚಿಕೊಂಡೆವು. ಗೆದ್ದ ಸಂತೋಷದಲ್ಲಿ ಗಲ್ಲಾಪೆಟ್ಟಿಗೆಯ ಹತ್ತಿರ ಹೋದಾಗ ರೆಹಮಾನ್ ಭಾಯ್ ಕನ್ನಡಕ ಮೇಲೆ ಸರಿಸಿ ನೋಡಿದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಕೆಂಪಾಪುರದ ಗೌಡ್ರ ತಂಗಿ ಅಲ್ವಾ ಅಮ್ಮ ನೀವು?"

"ಹೌದು ಭಾಯ್."

"ಇಷ್ಟ್ ದಿನಕ್ಕೆ ಬಂದ್ರಲ್ಲ. ಕುತ್ಕೊಳ್ಳಿ, ಹೋಗ್ಬೇಡಿ." ಅವರೇ ಏಣಿ ಹಾಕಿ ಹತ್ತಿ, ಎಲ್ಲಕ್ಕಿಂತ ಮೇಲಿನ ಹಲಗೆಯಿಂದ ಒಂದು ಗಂಟು ಇಳಿಸಿದರು. ಬಿಳಿ ಪಂಚೆಯಲ್ಲಿ ಕಟ್ಟಿದ್ದ ಸೀರೆಗಳು. "ನಿಮ್ಮದು. ಅಣ್ಣಾವ್ರು ಇಟ್ಟಿರೋದು. ಪ್ರತಿ ವರ್ಷ ನಿಮ್ಮ ಹಬ್ಬದ ಟೈಮಿಗೆ ಬರ್ತಾರೆ, ಮೊದಲು ಮೇಲ್ಗಡೆ ನೋಡ್ತಾರೆ. ಗಂಟು ಅಲ್ಲೇ ಇದ್ರೆ ಏನೂ ಮಾತಾಡಲ್ಲ. ಇನ್ನೊಂದು ಆರಿಸ್ತಾರೆ, ದುಡ್ಡು ಕೊಡ್ತಾರೆ, ಹೋಗ್ತಾರೆ."

"ನನಗೆ ಒಂದು ಮಾತು ಹೇಳಿ ಕಳಿಸಬಾರದಿತ್ತಾ ಭಾಯ್?"

"ನಾನೂ ಕೇಳ್ದೆ ಅಮ್ಮ. ಬೇಡ ಅಂದ್ರು. ತಂಗಿ ಹಬ್ಬದ ಬಟ್ಟೆಗೆ ನಿಮ್ಮಂಗ್ಡಿಗೇ ಬರ್ತಾಳೆ, ಬಂದಾಗ ಕೊಡಿ, ಮಾತು ಬೇಡ ಅಂದ್ರು. ನೀವು ದಿನಾ ಎದುರುಗಡೆ ಹೋಗೋರು, ನಾನು ನೋಡ್ತಾ ಇದ್ದೆ. ಒಂದ್ಸಲ ಕೂಗೋಣ ಅನ್ಸ್ತು. ಮಾತು ಕೊಟ್ಟಿದ್ನಲ್ಲ." ಆಮೇಲೆ ಗಂಟಿನ ಮೇಲೆ ಕೈಯಿಟ್ಟರು. "ಮಗ ಹೇಳ್ದ, ಇದನ್ನೂ ಸೇಲಿಗೆ ಹಾಕೋಣ ಅಂತ. ಹೆಂಗೆ ಹಾಕೋದು? ಜೇಬಿಂದ ಅರಿಶಿನದ ಪೊಟ್ಟಣ ತೆಗೆದು ಇಲ್ಲೇ ಹಚ್ಚಿ ಹೋಗೋರು. ಹಚ್ಚಿದ ಮೇಲೆ ಅದು ನಿಮ್ದೇ."

ನಾನು ಅಲ್ಲೇ, ಆ ನೂಕುನುಗ್ಗಲಿನ ನಡುವೆ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಚೂಡಿದಾರದ ಹುಡುಗಿ ಹೆದರಿ, ತನ್ನ ಪಾಲಿನ ರವಿಕೆ ಕಣಗಳನ್ನೂ ನನ್ನ ಮಡಿಲಲ್ಲಿಟ್ಟಳು. "ತಗೊಳ್ಳಿ ಆಂಟಿ, ಪರವಾಗಿಲ್ಲ" ಎಂದಳು. ಅದಕ್ಕಾಗಿ ಅಳುತ್ತಿದ್ದೇನೆಂದು ತಿಳಿದಿದ್ದಳು ಪಾಪ.

ಮನೆಗೆ ಬಂದು ಗಂಟು ಬಿಚ್ಚಿದೆ. ಮೇಲಿನ ಸೀರೆಯ ಮೂಲೆಯಲ್ಲಿ ಅರಿಶಿನ ಇನ್ನೂ ಢಾಳಾಗಿತ್ತು. ಕೆಳಕೆಳಗೆ ಹೋದಂತೆ ತಿಳಿಯಾಗುತ್ತಾ ಹೋಯಿತು. ತೀರಾ ಕೆಳಗಿನದು ಅದೇ ಬದನೆಕಾಯಿ ಬಣ್ಣ, ಅದೇ ಸಾಸಿವೆ ಹೂವಿನ ಅಂಚು. ಕಳೆದುಹೋದದ್ದರ ಜೋಡಿಯನ್ನೇ ಹುಡುಕಿ ತಂದಿದ್ದ. ಅಂದರೆ ಆ ಮೊದಲ ವರ್ಷವೇ ಅವನ ಸಿಟ್ಟು ಇಳಿದಿತ್ತು. ಒಬ್ಬಟ್ಟು ಇಟ್ಟುಕೊಂಡು ನಾನು ಕಾಯುತ್ತಿದ್ದ ಆ ಎರಡು ದಿನವೂ ಈ ಸೀರೆ ನಮ್ಮ ಬೀದಿಯ ಕೊನೆಯಲ್ಲೇ ಇತ್ತು. ಬಿಡಿಸಿ ಮೈಗೆ ಹಿಡಿದು ನೋಡೋಣವೆಂದು ಕೊಡವಿದೆ. ಮಡಿಕೆ ಇದ್ದಲ್ಲೆಲ್ಲ ರೇಷ್ಮೆ ಪರ್ರನೆ ಸೀಳಿತು. ಆಗಾಗ ಬಿಡಿಸಿ ಮಡಿಕೆ ಬದಲಿಸದಿದ್ದರೆ ರೇಷ್ಮೆ ಹಾಗೇ ಆಗುವುದು. ಬಿಡಿಸಬೇಕಾದವಳು ನಾನು, ನಾನು ಎದುರಿನ ಫುಟ್‌ಪಾತಿನಲ್ಲಿದ್ದೆ.

ಗೌರಿ ಹಬ್ಬದ ಬೆಳಿಗ್ಗೆ ಅದನ್ನೇ ಉಟ್ಟೆ. ಸೀಳಿದ್ದನ್ನು ಆದಷ್ಟು ನೆರಿಗೆಯೊಳಗೆ ಮುಚ್ಚಿ ಪಿನ್ನು ಹಾಕಿದೆ. ಯಾರೂ ಕರೆಯದೆ, ಒಂದು ಮೊಳ ಹೂವು ಹಿಡಿದು ಕೆಂಪಾಪುರಕ್ಕೆ ಹೋದೆ. ಅಣ್ಣ ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಾಳೆಯೆಲೆಯ ತುದಿ ಕತ್ತರಿಸುತ್ತಿದ್ದ. ಬಹಳ ಸೊರಗಿದ್ದ. ಮುಖ ನೋಡುವ ಮೊದಲು ಸೀರೆ ನೋಡಿದ.

"ಅಂಗ್ಡಿಗೆ ಓಗಿದ್ಯಾ?"

"ಹೂಂ. ಮುಚ್ತಾರಂತೆ, ಸೇಲ್ ಹಾಕಿದ್ರು. ಅದಕ್ಕೆ ಹೋಗಿದ್ದೆ."

"ಸೇಲಿಗೆ ಓದೆ" ಎಂದ ಅಣ್ಣ. ಇನ್ನೊಂದು ಎಲೆಯ ತುದಿ ಕತ್ತರಿಸಿದ. "ಓಗ್ಲಿ, ಅದ್ಕಾದ್ರೂ ಓದ್ಯಲ್ಲ."

"ಆ ಸೀರೆ ನಾನು ಕೊಟ್ಟಿದ್ದಲ್ಲ ಅಣ್ಣ, ಅತ್ತೆ..."

"ಗೊತ್ತು ಬುಡು. ನಿಮ್ಮತ್ತೇನೇ ಒಂದಿನ ಬಂದು ಏಳಿದ್ರು. ಕಣ್ಣಾಗೆ ನೀರಾಕ್ಕೊಂಡು ಏಳಿದ್ರು, ನಿಂಗೆ ಏಳ್ಬ್ಯಾಡ ಅಂದ್ರು."

ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಯಾರೂ ಯಾರಿಗೂ ಹೇಳಲಿಲ್ಲ, ಅಷ್ಟೇ. ನಾವಿಬ್ಬರೂ ಇಷ್ಟು ವರ್ಷ ಕಳೆದುಕೊಂಡದ್ದಕ್ಕೆ ಬೈಯಲು ಒಬ್ಬರೂ ಸಿಗಲಿಲ್ಲ.

ಅಣ್ಣ ಎದ್ದು ಬಂದು ಸೆರಗಿನ ಮೂಲೆ ಹುಡುಕಿದ. ಅರಿಶಿನ ಅಳಿಸಿಹೋಗಿತ್ತು. ದೇವರ ಮುಂದಿನ ಬಟ್ಟಲು ತಂದು ಮತ್ತೆ ಹೆಬ್ಬೆರಳು ಒತ್ತಿದ. ಈ ಸಲ ಗುರುತು ಸೊಟ್ಟಗೆ ಬಿತ್ತು. ಹಾಗೇ ಹಿಡಿದುಕೊಂಡು, ನನ್ನ ಮುಖ ನೋಡದೆ ಹೇಳಿದ. "ಇದ್ನಾದ್ರೂ ಯಾರ್ಗೂ ಕೊಡ್ಬ್ಯಾಡ."

"ಹರಿದೋಗಿದೆ ಅಣ್ಣ. ಯಾರ್ ತಗೋತಾರೆ?"

ಭಾಯ್ ಅಂಗಡಿಯ ಜಾಗದಲ್ಲಿ ಈಗ ಮೊಬೈಲಿನದೋ ಏನೋ ಹೊಸ ಅಂಗಡಿಗೆ ಮರಗೆಲಸ ನಡೆದಿದೆ. ನಾನು ಈಗ ರಸ್ತೆ ದಾಟುವುದಿಲ್ಲ. ಇವತ್ತು ಸೊಪ್ಪು ತಂದಿಟ್ಟು, ಸೂಜಿ ದಾರ ತೆಗೆದು ಹಿಂದಿನ ಸೀಳಿಗೆ ಒಂದು ಹೊಲಿಗೆ ಹಾಕಿದೆ. ಪಕ್ಕದಲ್ಲಿ ಇನ್ನೊಂದು ಬಿಟ್ಟುಕೊಂಡಿತು. ಹೊಸ ಮದುವೆ ಹುಡುಗಿಯ ಹಾಗೆ ಹಬ್ಬಕ್ಕೆ ಉಡೋಣವೆಂದು ಎತ್ತಿಡುವ ವಯಸ್ಸು ನನ್ನದಲ್ಲ, ಅಣ್ಣನದೂ ಅಲ್ಲ. ನಾಳೆ ನಂಜಮ್ಮ ಮತ್ತೆ ಹೇಳುತ್ತಾಳೆ, ಅಕ್ಕಾ ಸೀಳೈತೆ ಅಂತ. ನೋಡಿದ್ದೀನಿ ಕಣಮ್ಮಾ, ನಮ್ಮಣ್ಣ ಕೊಡಿಸಿದ್ದು, ಅನ್ನುತ್ತೇನೆ.