ಅಜ್ಜಿಯ ಹೆಸರೇ ಗೊತ್ತಿರಲಿಲ್ಲ

"ಬರಕೊಳ್ಳೂದು ಸಾಕವ್ವ. ನಿಮ್ಮವ್ವನ್ನ ಹಡದಾಕಿ ಹೆಸರೇನು ಹೇಳು," ಎಂದರು ಗುರುಗುಂಟಾ ಊರಿನಲ್ಲಿ ಕುರಿ ಸಾಕುವ ಹನುಮಮ್ಮ.

ನಾನು ಮಾನವಶಾಸ್ತ್ರದ ವಿದ್ಯಾರ್ಥಿನಿ. ಅವರ ವಂಶವೃಕ್ಷ ಬರೆದುಕೊಳ್ಳಲು ಹೋಗಿದ್ದೆ. ಮರಿಗಳಿಗೆ ಸೊಪ್ಪು ಹಾಕುತ್ತಲೇ ಅವರು ತಾಯಿ ಕಡೆಯ ಐದು ತಲೆಮಾರಿನ ಹೆಣ್ಣುಮಕ್ಕಳ ಹೆಸರು ಹೇಳಿ ಮುಗಿಸಿದ್ದರು. ನಾನೋ ಅಜ್ಜಿಯನ್ನು 'ಆಯಿ' ಎಂದಷ್ಟೇ ಬಲ್ಲೆ. ನಾಚಿಕೆಯಾಗಿ, ಸಿಂಧನೂರಿನಲ್ಲಿದ್ದ ಅವ್ವನಿಗೆ ಅಲ್ಲಿಂದಲೇ ಫೋನ್ ಮಾಡಿ ಕೇಳಿದೆ.

ಅವ್ವ, "ತಿಪ್ಪಮ್ಮ ಅಂತ. ಆ ಹೆಸರು ಬಾಯಾಗ ಬಂದು ಎಷ್ಟು ವರ್ಷ ಆತೋ ಏನೋ," ಎಂದಳು.

ನನ್ನ ಓದು ಬೇರೆಯವರನ್ನು ಅರಿಯುವುದಕ್ಕೆ ಎಂದುಕೊಂಡಿದ್ದೆ. ಈಗ ರಜೆ ಬಂದಾಗಲೆಲ್ಲ ಅವ್ವನ ಎದುರು ನೋಟ್‌ಬುಕ್ ಬಿಚ್ಚಿ ಕೂರುತ್ತೇನೆ. ತಿಪ್ಪಮ್ಮನ ತಾಯಿಯ ಹೆಸರು ಇನ್ನೂ ಸಿಕ್ಕಿಲ್ಲ.