ಪುರುಷೋತ್ತಮ ನಂಬದ ಕರಪತ್ರ

ಮೂಡಲಪಾಳ್ಯದ ಪುರುಷೋತ್ತಮ ಬೆಳಿಗ್ಗೆ ಪತ್ರಿಕೆ ಬಂದರೆ ಸುದ್ದಿ ಓದುತ್ತಿರಲಿಲ್ಲ. ಅದರ ಮಡಿಕೆಯಿಂದ ಜಾರಿ ಬೀಳುವ ಕರಪತ್ರಗಳನ್ನು ಎತ್ತಿಕೊಂಡು, ಕೆಂಪು ಪೆನ್ನು ಹಿಡಿದು ಕೂರುತ್ತಿದ್ದ. ಮಂಡಿನೋವಿನ ಎಣ್ಣೆ, ಟ್ಯೂಷನ್ನು, ಸೈಟು, ಯಾವುದಾದರೂ ಸರಿ, ಕಳ್ಳನನ್ನು ಹಿಡಿದ ಪೊಲೀಸಿನವನ ಹಾಗೆ ಸಾಲುಸಾಲನ್ನೂ ವಿಚಾರಿಸುತ್ತಿದ್ದ. ಕಳ್ಳರ ಗುಟ್ಟು ಅವನಿಗೆ ಗೊತ್ತಿತ್ತು. ರಾಜಾಜಿನಗರದಲ್ಲಿ ರಾಚಪ್ಪನ ಪ್ರೆಸ್ಸಿಗೆ ಇಪ್ಪತ್ತಾರು ವರ್ಷದಿಂದ ಅಂಥದ್ದನ್ನೇ ಬರೆದುಕೊಡುತ್ತಿದ್ದವನು ಅವನು.

ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕಿದ್ದ ಗ್ರೀಕರ ಭಾಷಣಕಲೆಯ ಪುಸ್ತಕವೊಂದು ಅವನನ್ನು ಹೀಗೆ ಮಾಡಿತ್ತು. ಕೇಳುವವರನ್ನು ಒಪ್ಪಿಸಲು ಹೇಳುವವನ ಮೇಲಿನ ನಂಬಿಕೆ ಬೇಕು, ಕೇಳುವವನ ಎದೆ ಕಲಕಬೇಕು, ಮಾತಿನಲ್ಲಿ ತರ್ಕ ಇರಬೇಕು ಎಂದು ಅದರಲ್ಲಿತ್ತು. ಪುರುಷೋತ್ತಮ ಈ ಮೂರಕ್ಕೂ ತನ್ನದೇ ಹೆಸರಿಟ್ಟ: ಕೋಟು, ಕಣ್ಣೀರು, ಕಾರಣ. ಹಲ್ಲುಪುಡಿ ಮಾರುವವನಿಗೆ ಬಿಳಿ ಕೋಟು ತೊಡಿಸಿದರೆ ಅರ್ಧ ಕೆಲಸ ಮುಗಿಯಿತು. ವಿಮೆಯವರಿಗೆ ಅಳುವ ಮಗು ಸಾಕು. ಕಾರಣ ಇದ್ದರೆ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ.

ಅನುಮಾನ ಕಾಗದ ಬಿಟ್ಟು ಬದುಕಿಗೂ ಇಳಿಯಿತು. ತರಕಾರಿಯವನು "ನಮ್ಮನೆಗೂ ಇದೇ ತಗೊಂಡೋಗ್ತೀನಿ ಸಾರ್" ಎಂದರೆ, "ಕೋಟು ಹಾಕ್ಕೊಂಡ ನೋಡು" ಎನ್ನುತ್ತಿದ್ದ. ಮದುವೆಮನೆಯಲ್ಲಿ ಬಡಿಸುವವರು "ನನ್ನಾಣೆ, ಇನ್ನೊಂದು ಹೋಳಿಗೆ" ಎಂದರೆ, "ಕಣ್ಣೀರು!" ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದ. ನೆರೆಹೊರೆಯ ನಾವೆಲ್ಲ ನಗುತ್ತಿದ್ದೆವು.

ಈ ಬೇಸಿಗೆಯಲ್ಲಿ ವಿಜಯನಗರ ಮೆಟ್ರೋ ಮೆಟ್ಟಿಲಿನ ಮಧ್ಯೆ ಅವನು ನಿಲ್ಲತೊಡಗಿದ. ಫೋನು ನೋಡುವವನಂತೆ ನಟಿಸಿ, ಎದೆಯ ಬಿಗಿತ ಸಡಿಲವಾದ ಮೇಲೆ ಮತ್ತೆ ಹತ್ತುತ್ತಿದ್ದ. ಹೆಂಡತಿ ಅಂಬುಜಾ ಇದನ್ನು ನೋಡಿದ್ದಳು. ಒಂದು ಬೆಳಿಗ್ಗೆ ಪತ್ರಿಕೆಯಿಂದ ಆಸ್ಪತ್ರೆಯೊಂದರ ಭಾನುವಾರದ ಉಚಿತ ಹೃದಯ ತಪಾಸಣೆಯ ಕರಪತ್ರ ಬಿತ್ತು. "ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆಯೇ? ನಿಂತರೆ ಸರಿಹೋಗುತ್ತದೆಯೇ? ಗ್ಯಾಸ್ ಎಂದು ಸುಮ್ಮನಿರಬೇಡಿ. ಮನೆಯಲ್ಲಿ ನಿಮಗಾಗಿ ಕಾಯುವವರಿದ್ದಾರೆ."

"ರೀ, ಇದು ನಿಮ್ಮದೇ ಕಥೆ. ಭಾನುವಾರ ಹೋಗಿಬರೋಣ" ಎಂದಳು ಅಂಬುಜಾ.

"ನನ್ನ ಕಥೆ ಅಲ್ಲ ಕಣೇ, ನನ್ನ ಕರಪತ್ರ! 'ಕಾಯುವವರಿದ್ದಾರೆ' ಅಂತ ಸೇರಿಸಿದ್ದೇ ನಾನು. ಹೆದರಲಿ ಅಂತ. ನಾನು ಕಟ್ಟಿದ ಬೆರ್ಚಪ್ಪಂಗೆ ನಾನೇ ಹೆದರ್ಲಾ?"

"ಮೆಟ್ಟಿಲ ವಿಷಯಾನೂ ನೀವೇ ಕಟ್ಟಿದ್ದಾ?"

"ಅದು ಡಾಕ್ಟ್ರು ಕೊಟ್ಟಿದ್ದು. ಉಚಿತ ಅಂತ ಕರೀತಾರೆ, ಒಳಗೆ ಹೋದ್ಮೇಲೆ ತಾನೇ ಅವರ ಬಣ್ಣ ಗೊತ್ತಾಗೋದು. ನಂಗಿರೋದು ಗ್ಯಾಸು."

"ಯಾರು ಬರೆದ್ರು, ಯಾಕೆ ಬರೆದ್ರು, ಇದೇ ನೋಡ್ತೀರಿ. ಬರೆದಿದ್ದು ನಿಜಾನಾ ಅಂತ ಯಾವತ್ತಾದ್ರೂ ನೋಡಿದ್ದೀರಾ?"

ಪುರುಷೋತ್ತಮ ಕೆಂಪು ಪೆನ್ನು ತೆರೆದ.

ಪ್ರೆಸ್ಸಿನಲ್ಲಿ ರಾಚಪ್ಪನೂ ಕೇಳಿದ. "ಸರ, ನೀವು ಬರದದ್ದು ಓದಿ ನಮ್ಮ ಮಂದಿನಽ ನಾಕು ಜನ ಹೊಂಟಾರ. ನೀವು ಬರಂಗಿಲ್ಲೇನ್ರಿ?"

"ನಾನು ಬರೆಯೋನಪ್ಪ, ನಂಬೋನಲ್ಲ."

"ಊರಿಗೆಲ್ಲ ಹೇಳಿ ನೀವಽ ನಂಬಂಗಿಲ್ಲಂದ್ರ, ನಾವೇನ್ ತಿಳ್ಕೋಬೇಕ್ರಿ?"

ಪುರುಷೋತ್ತಮ ನಕ್ಕ. ಆ ಭಾನುವಾರ ಮನೆಯಲ್ಲೇ ಉಳಿದ. ಗುರುವಾರ ಮಧ್ಯಾಹ್ನ ಪ್ರೂಫಿನ ಕಟ್ಟು ಹಿಡಿದು ಪ್ರೆಸ್ಸಿನ ಮೆಟ್ಟಿಲು ಹತ್ತುತ್ತಿದ್ದವನು ನಡುವೆ ಕುಳಿತ. ರಾಚಪ್ಪ ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅಂಬುಜಾ ಆ ಕರಪತ್ರವನ್ನು ರಾಚಪ್ಪನ ಕೈಗಿಟ್ಟಳು. ಆಸ್ಪತ್ರೆಯ ಹೆಸರಿನ ಪಕ್ಕ ಕೆಂಪಿನಲ್ಲಿ "ಕೋಟು" ಎಂದಿತ್ತು. ಕಾಯುವವರ ಸಾಲಿನ ಪಕ್ಕ "ಕಣ್ಣೀರು". ಮೆಟ್ಟಿಲ ಸಾಲಿನ ಪಕ್ಕ ಏನೂ ಇರಲಿಲ್ಲ, ಪೆನ್ನು ಊರಿದ ಒಂದು ಚುಕ್ಕೆಯ ಹೊರತು.

ರಾಚಪ್ಪ ಕಾಯುವವರ ಸಾಲಿನ ಮೇಲೆ ಬೆರಳಿಟ್ಟ. "ಅಮ್ಮಾರ, ಆಸ್ಪತ್ರಿಯವರು ಮತ್ತ ಪ್ರಿಂಟ್ ಕೇಳ್ಯಾರ. ಸರ್ ಸೇರಿಸಿದ ಆ ಒಂದು ಸಾಲು ತೆಗದ್ಬಿಡ್ಲೇನ್ರಿ?"

"ಬೇಡ, ಇರ್ಲಿ" ಎಂದಳು ಅಂಬುಜಾ. "ಅವರು ಸುಮ್ನೆ ಹೆದರ್ಸೋಕೆ ಅಂತ ಬರೆದ್ರು. ಆ ಗುರುವಾರ ಮಧ್ಯಾಹ್ನ ನಾನು ತಟ್ಟೆ ಹಾಕ್ಕೊಂಡು ಕಾಯ್ತಾನೇ ಇದ್ದೆ."