ಉಪ್ಪು ನೋಡಿದವಳ ಬಾಟಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೋಂಗ್‌ಕಾ ಊರಿನ ಮನೆಮನೆಯಲ್ಲೂ ಅಂಟಕ್ಕಿ ಬೇಯುತ್ತಿದೆ, ಹಬೆಯ ಘಮ ಬೀದಿಯವರೆಗೂ ಬರುತ್ತದೆ. ಬುವಾಲೈ ತಮ್ಮ ಹಳೆಯ ಮೋಟಾರ್‌ಸೈಕಲ್ಲನ್ನು ಮರದ ಕೆಳಗೆ ನಿಲ್ಲಿಸಿ, ಮುಂದಿನ ಬುಟ್ಟಿಗೆ ಟವೆಲ್ ಹೊದಿಸಿ, ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದಾರೆ. ಭಿಕ್ಷೆಗೆ ಹೊರಟ ಭಿಕ್ಕುಗಳ ಸಾಲು ದಾಟಿ ಹೋಗುವ ತನಕ ಅವರು ಕದಲುವುದಿಲ್ಲ. ಬುಟ್ಟಿಯಲ್ಲಿರುವುದು ಊರಿನವರ ಉಚ್ಚೆಯ ಬಾಟಲಿಗಳು.

"ಅವರದ್ದೂ ಬೆಳಗಿನ ಸುತ್ತು, ನನ್ನದೂ ಬೆಳಗಿನ ಸುತ್ತು," ಎಂದು ಬುವಾಲೈ ಪಿಸುಗುಡುತ್ತಾರೆ. "ಊರೋರು ಅವರಿಗೆ ಅನ್ನ ಕೊಡ್ತಾರೆ, ನನಗೆ ಇದನ್ನ ಕೊಡ್ತಾರೆ. ಎರಡೂ ಎದುರುಬದುರಾಗಬಾರದು ನೋಡಿ." ಸಾಲಿನ ಕೊನೆಯ ಭಿಕ್ಕು ಮರೆಯಾದ ಮೇಲೆ ಚಪ್ಪಲಿ ಮೆಟ್ಟುತ್ತಾ ಇನ್ನೊಂದು ಮಾತು ಸೇರಿಸುತ್ತಾರೆ: "ದೊಡ್ಡ ಗುರುಗಳ ಬಾಟಲಿ ನಿನ್ನೇನೇ ಬಂತು. ಹುಳ ಏನು ಕಾವಿ ನೋಡಿ ಬಿಡುತ್ತಾ?"

ಹುಳು ಎಂದರೆ ಲಿವರ್ ಹುಳು. ಚೀ ನದಿಯ ಈ ಬಯಲಿನಲ್ಲಿ ಅದರ ಕಥೆ ಗೊತ್ತಿಲ್ಲದವರಿಲ್ಲ. ಕೆರೆಯ ಸಣ್ಣ ಬೆಳ್ಳಿಮೀನಿನ ಮಾಂಸದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಯಾಗಿ ಕೂತಿರುತ್ತದೆ. ಮೀನನ್ನು ಬೇಯಿಸಿದರೆ ಸಾಯುತ್ತದೆ. ಬೇಯಿಸದೆ ತಿಂದರೆ ನಮ್ಮ ಪಿತ್ತನಾಳಕ್ಕೆ ಹೊಕ್ಕು ವರ್ಷಗಟ್ಟಲೆ ಸುಖವಾಗಿ ಬಾಳುತ್ತದೆ. ನೋವಿಲ್ಲ, ಜ್ವರವಿಲ್ಲ. ಮತ್ತೆ ಮತ್ತೆ ಹುಳು ಹತ್ತಿದಂತೆ ನಾಳದ ಗೋಡೆ ಊದಿ, ಗಾಯ ಕಲೆಗಟ್ಟಿ, ಕೆಲವರಿಗೆ ಕೊನೆಗೆ ಅಲ್ಲೇ ಕ್ಯಾನ್ಸರ್ ಹುಟ್ಟುತ್ತದೆ. ಬುವಾಲೈ ಅವರ ಅಪ್ಪ ಹೋದದ್ದು ಹಾಗೆ. ಮೈ ಅರಿಶಿನದಂತೆ ಹಳದಿಯಾಗಿ ಮೂರು ತಿಂಗಳು ಚಾಪೆಯ ಮೇಲಿದ್ದರು.

ಹಾಗಾದರೆ ಬೇಯಿಸಿ ತಿನ್ನಬಾರದೇ ಎಂದು ಕೇಳುವವರು ಕೋಯ್ ತಿಂದಿಲ್ಲ. ಹಸಿ ಮೀನನ್ನು ಸಣ್ಣಗೆ ಕೊಚ್ಚಿ, ನಿಂಬೆ ಹಿಂಡಿ, ಹುಳಿಗೆಂದು ಕೆಂಪು ಚಗಳಿ ಇರುವೆ ಉದುರಿಸಿ, ಹುರಿದ ಅಕ್ಕಿಪುಡಿ, ಒಣಮೆಣಸು, ಪುದೀನ ಹಾಕಿ ಕಲಸಿದ ಕೋಯ್ ಇಲ್ಲದೆ ಇಲ್ಲಿ ನಾಟಿ ಮುಗಿಯುವುದಿಲ್ಲ. ನಾನೂ ಇದೇ ನದಿಯ ಆಚೆ ದಡದವನು. ಸುಳ್ಳೇಕೆ ಹೇಳಲಿ, ಇದನ್ನು ಬರೆಯುವಾಗಲೂ ಬಾಯಲ್ಲಿ ನೀರೂರುತ್ತಿದೆ. ನಿಂಬೆಯ ಹುಳಿಗೆ ಹುಳು ಸಾಯುತ್ತದೆ ಎಂದು ನಮ್ಮಜ್ಜ ಹೇಳುತ್ತಿದ್ದರು, ಮೇಲೊಂದು ಗುಟುಕು ಅಕ್ಕಿ ಸಾರಾಯಿ ಬಿದ್ದರೆ ಉಳಿದದ್ದೂ ಸಾಯುತ್ತದೆ ಎಂದು ಅಪ್ಪ. ಎರಡೂ ಶುದ್ಧ ಸುಳ್ಳು.

ಬುವಾಲೈ ಊರಿನ ಆರೋಗ್ಯ ಸ್ವಯಂಸೇವಕಿ. ಸರ್ಕಾರ ಕೊಡುವ ಗೌರವಧನ ಪೆಟ್ರೋಲಿಗೂ ಅಷ್ಟಕ್ಕಷ್ಟೇ. ಸುತ್ತು ಮುಗಿಸಿ ಗದ್ದೆಗೆ ಇಳಿಯುತ್ತಾರೆ, ಸಂಜೆ ಮಗ್ಗದ ಮುಂದೆ ಕೂರುತ್ತಾರೆ. ಶುರುವಿನಲ್ಲಿ ಅವರು ಸಂಗ್ರಹಿಸುತ್ತಿದ್ದದ್ದು ಉಚ್ಚೆಯಲ್ಲ, ಮಲದ ಡಬ್ಬಿ.

"ಡಬ್ಬಿ ಕೊಡು ಅಂದ್ರೆ ಗಂಡಸರೆಲ್ಲ ಕೆರೆ ಕಡೆ ಪರಾರಿ! ಒಂದು ಮನೇಲಿ ಅಜ್ಜಿಯೊಬ್ಬಳದ್ದನ್ನೇ ಐದು ಡಬ್ಬಿಗೆ ಹಂಚಿ ಕೊಟ್ಟಿದ್ರು. ಅವಳಿಗೇನೋ ಹುಳ ಇರಲಿಲ್ಲ. ಮನೆಮಂದಿಯೆಲ್ಲ ಶುದ್ಧ ಅಂತ ಬಂತು," ಎಂದು ನಗುತ್ತಾರೆ.

ಈಗ ಬಂದಿರುವುದು ಹೊಸ ವಿದ್ಯೆ. ಉಚ್ಚೆಯ ನಾಲ್ಕು ಹನಿ ಪರೀಕ್ಷೆಯ ಪಟ್ಟಿಯ ಮೇಲೆ ಬಿಟ್ಟು ಸ್ವಲ್ಪ ಹೊತ್ತು ಕಾದರೆ ಸಾಕು. ಲಿವರಿನ ಹುಳು ಉಚ್ಚೆಯಲ್ಲಿ ಹೇಗೆ ಕಾಣುತ್ತದೆ ಎಂಬುದು ನನಗೆ ಬಗೆಹರಿಯದ ಪ್ರಶ್ನೆಯಾಗಿತ್ತು. ಆರೋಗ್ಯ ಕೇಂದ್ರದ ನರ್ಸ್ ಪಿಮ್‌ಪಾ ಬಿಡಿಸಿ ಹೇಳುತ್ತಾರೆ: "ಹುಳ ಅಲ್ಲಿಗೆ ಬರೋದಿಲ್ಲ. ಅದರ ಮೈಯಿಂದ ಬಿದ್ದ ಚೂರುಪಾರು ರಕ್ತಕ್ಕೆ ಸೇರುತ್ತೆ, ರಕ್ತದಿಂದ ಉಚ್ಚೆಗೆ ಇಳಿಯುತ್ತೆ. ಕಳ್ಳನೇ ಸಿಗಬೇಕು ಅಂತೇನಿಲ್ಲ, ಹೆಜ್ಜೆ ಗುರುತು ಸಿಕ್ಕಿದ್ರೆ ಸಾಕು." ಹುಳು ಕಡಿಮೆ ಇದ್ದಾಗ ಹಳೆಯ ಪರೀಕ್ಷೆಯ ಕಣ್ಣು ತಪ್ಪಿಸಿಕೊಂಡವರೂ ಇದರಲ್ಲಿ ಸಿಕ್ಕಿಬೀಳುತ್ತಾರೆ.

ಪಟ್ಟಿಯಲ್ಲಿ ಒಂದು ಗೆರೆ ಮೂಡಿದರೆ ಹುಳು ಇಲ್ಲ, ಎರಡು ಮೂಡಿದರೆ ಇದೆ. ಊರಿನ ಹಿರಿಯ ಸಾವೇಂಗ್ ಅಜ್ಜನಿಗೆ ಎರಡು ಗೆರೆ ಬಂದಾಗ ಅಂಗಡಿ ಮುಂದೆ ಕೂತವರು ಬಿಟ್ಟಾರೆಯೇ? "ಅಜ್ಜಾ, ಎಷ್ಟು ತಿಂಗಳು?" ಎಂದರು. ಅಜ್ಜನೂ ಕಮ್ಮಿಯಿಲ್ಲ. "ಹೆಣ್ಣಾದ್ರೆ ನಮ್ಮ ಬುವಾಲೈ ಹೆಸರನ್ನೇ, ಲೈ ಅಂತ ಇಡ್ತೀನಿ, ಅವಳೇ ಸೂಲಗಿತ್ತಿ," ಎಂದ. ಮಾತ್ರೆಯನ್ನೂ ನುಂಗಿದ.

ಮಾತ್ರೆ ಒಳ್ಳೆಯದೇ. ತೂಕ ನೋಡಿ ಒಂದೇ ಸಲ ಕೊಟ್ಟರೆ ಬಹುಪಾಲು ಹುಳು ಸಾಯುತ್ತದೆ. ತಂಟೆ ಶುರುವಾಗುವುದು ಆಮೇಲೆ. ನಮ್ಮವರ ಲೆಕ್ಕಾಚಾರವೇ ಬೇರೆ. ಮಾತ್ರೆ ಇದೆಯಲ್ಲ, ಇನ್ನೇನು ಭಯ? ಮಾತ್ರೆ ನುಂಗಿದ ವಾರವೇ ಹೊಟ್ಟೆ ಶುದ್ಧವಾಯಿತೆಂದು ಕೋಯ್ ಕಲಸಿ ಹಬ್ಬ ಮಾಡುತ್ತಾರೆ. ಹುಳು ಕೊಲ್ಲಲು ಬಂದ ಮಾತ್ರೆಯೇ ಹಸಿ ಮೀನು ತಿನ್ನಲು ಪರವಾನಗಿಯಾಗಿ ಕೂತಿದೆ. "ಮಾತ್ರೆ ಹುಳಾನ ಕೊಲ್ಲುತ್ತೆ ಅಷ್ಟೇ. ಒಳಗಿನ ಕಲೆ ಅಳಿಸೋದಿಲ್ಲ. ಇದನ್ನ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ," ಎನ್ನುತ್ತಾರೆ ಬುವಾಲೈ.

ಅವರ ಬಾಯಿ ಹೆಚ್ಚು ಒಣಗಿದ್ದು ಸ್ವಂತ ಅಣ್ಣನ ಮನೆಯಲ್ಲಿ. ಅಣ್ಣ ಖಮ್‌ಪುನ್ ಈ ಸೀಮೆಗೇ ಹೆಸರಾದ ಕೋಯ್ ಕಲಸುವ ಕೈ. ಯಾರ ಗದ್ದೆಯ ನಾಟಿಯಾಗಲಿ, ಗೃಹಪ್ರವೇಶವಾಗಲಿ, ಕೊಚ್ಚುಗತ್ತಿ ಹಿಡಿದು ಅವನೇ ಬರಬೇಕು. ಅಂಥವನ ಬಾಟಲಿ ಪ್ರತಿ ವರ್ಷವೂ ಒಂದೇ ಗೆರೆ ತೋರಿಸುತ್ತಿತ್ತು. ತಂಗಿಗೆ ಆಶ್ಚರ್ಯ, ಅಣ್ಣನಿಗೆ ಮೀಸೆಯಡಿ ನಗು.

ಹೋದ ತಿಂಗಳು ಆ ಮನೆಯ ಎರಡು ಬಾಟಲಿಗೂ ಎರಡೆರಡು ಗೆರೆ ಬಂತು. ಮೊದಲು ಎದುರಿಗೆ ಸಿಕ್ಕಿದ್ದು ಖಮ್‌ಪುನ್. ಅತ್ತಿಗೆಯ ಫಲಿತಾಂಶ ಅತ್ತಿಗೆಗೇ ಹೇಳೋಣವೆಂದು ಬುವಾಲೈ ಅವನದ್ದನ್ನಷ್ಟೇ ಹೇಳಿದರು.

"ಅಣ್ಣ, ಈ ಸಲ ನಿನಗೆ ಹುಳ ಬಂದಿದೆ."

"ಹೋಗೇ ಲೈ, ಬರೋಕೆ ಸಾಧ್ಯವೇ ಇಲ್ಲ!"

"ಯಾಕೆ ಸಾಧ್ಯ ಇಲ್ಲ? ವಾರಕ್ಕೆರಡು ಸಲ ಹಸಿ ಮೀನು ತಿನ್ನೋನು ನೀನು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಖಮ್‌ಪುನ್ ಒಮ್ಮೆ ಅಡುಗೆಮನೆಯ ಕಡೆ ನೋಡಿದ. ಅಲ್ಲಿ ಅವನ ಹೆಂಡತಿ ಥೋಂಗ್‌ಸಾಯ್ ಅನ್ನದ ಬುಟ್ಟಿ ಮುಚ್ಚುತ್ತಿದ್ದಳು. ಅವನ ಮುಖ ಬಿಳಿಚಿಕೊಂಡಿತು. ಮೆಟ್ಟಿಲಿಳಿದು ಗದ್ದೆ ಕಡೆ ಹೋದ. ಸಂಜೆ ತಂಗಿಯ ಮಗ್ಗದ ಹತ್ತಿರ ಬಂದು ನೆಲಕ್ಕೆ ಕುಕ್ಕರಿಸಿದ.

"ಅದು ನನ್ನದಲ್ಲ ಕಣೇ. ನಿಮ್ಮತ್ತಿಗೇದು. ಅವಳ ಬಾಟಲೀಲಿ ಅರ್ಧ ನನ್ನದಕ್ಕೆ ಬಗ್ಗಿಸ್ಕೋತಿದ್ದೆ. ಪ್ರತಿ ಸಲಾನೂ. ಅವಳು ಹಸಿ ತಿನ್ನಲ್ವಲ್ಲ, ಶುದ್ಧವಾಗಿರುತ್ತೆ ಅಂತ."

"ನಿನಗೆ ನಾಚಿಕೆ ಆಗಲ್ವೇನಣ್ಣ?"

"ಅಪ್ಪನ ಹಳದಿ ಕಣ್ಣು ಕಣ್ಮುಂದೆ ಬರ್ತಿತ್ತು. ಗೊತ್ತಾಗದಿದ್ರೇ ವಾಸಿ ಅನ್ನಿಸ್ತಿತ್ತು. ಆದ್ರೆ ಅವಳಿಗೆ ಹೆಂಗೆ ಬಂತು ಲೈ? ಅವಳು ಕೋಯ್ ತಿನ್ನೋ ಗಂಡಸರ ಚಾಪೇಲಿ ಕೂತೇ ಇಲ್ಲ. ತನ್ನ ಪಾಲನ್ನ ಬಾಣಲೇಲಿ ಬೇಯಿಸ್ಕೊಂಡೇ ತಿನ್ನೋಳು."

ಆ ಪ್ರಶ್ನೆ ಅಣ್ಣತಂಗಿ ಇಬ್ಬರನ್ನೂ ಎರಡು ದಿನ ಕಾಡಿತು. ಉತ್ತರ ಸಿಕ್ಕಿದ್ದು ಥೋಂಗ್‌ಸಾಯ್ ಬಾಯಿಂದಲೇ, ಅದೂ ಅವಳಿಗೆ ಅರಿವಿಲ್ಲದಂತೆ. "ನಾನೆಲ್ಲಿ ತಿಂತೀನಿ? ಇವರು ಕಲಸಿದ ಮೇಲೆ ಉಪ್ಪುಹುಳಿ ನೋಡ್ತೀನಿ ಅಷ್ಟೇ. ಬೆರಳ ತುದಿಯಷ್ಟು." ಮದುವೆಯಾದಂದಿನಿಂದ ಅವನ ಕೋಯ್ ಹದವಾಗಿದೆಯೇ ಎಂದು ಮೊದಲು ನೋಡುತ್ತಿದ್ದವಳು ಅವಳೇ. ಅವಳು ತಲೆಯಾಡಿಸದೆ ತಟ್ಟೆ ಚಾಪೆಗೆ ಹೋಗುತ್ತಿರಲಿಲ್ಲ. ಊರೆಲ್ಲ ಹೊಗಳಿದ ಆ ರುಚಿ ಅವಳ ಬೆರಳ ತುದಿಯಲ್ಲಿತ್ತು, ಹುಳುವೂ ಅಲ್ಲಿಂದಲೇ ಒಳಗೆ ಹೋಯಿತು.

ಇದನ್ನು ಹೇಳುವಾಗ ಬುವಾಲೈ ಅವರ ಕಣ್ಣು ತುಂಬುತ್ತದೆ. "ಅಪ್ಪನ್ನ ಕಳಕೊಂಡೆ, ಅಣ್ಣನ ಮೇಲೆ ಕಣ್ಣಿಟ್ಟಿದ್ದೆ. ಅತ್ತಿಗೆ ಕಡೆ ನೋಡ್ಲೇ ಇಲ್ಲ ನಾನು. ಅಣ್ಣ ಮೋಸ ಮಾಡಿದ್ದಕ್ಕೆ ಬೈಯ್ಯಲೋ, ಅದರಿಂದಾನೇ ಅವನು ಹೆದರಿ ಬಾಯಿ ಬಿಟ್ಟ ಅಂತ ಖುಷಿಪಡಲೋ!"

ಖಮ್‌ಪುನ್ ಈ ಸಲ ತನ್ನದೇ ಬಾಟಲಿ ಕೊಟ್ಟ, ಅದರಲ್ಲೂ ಎರಡು ಗೆರೆ. ಖಮ್‌ಪುನ್ ಈ ಸಲ ತನ್ನದೇ ಬಾಟಲಿ ಕೊಟ್ಟ, ಅದರಲ್ಲೂ ಎರಡು ಗೆರೆ. ಸ್ಕ್ಯಾನಿಂಗ್ ವ್ಯಾನು ದೇವಾಲಯದ ಅಂಗಳಕ್ಕೆ ಬಂದ ದಿನ ಅವನು ಹೆಂಡತಿಯ ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ನಿಂತಿದ್ದನ್ನು ಊರೇ ನೋಡಿದೆ. ಅವನ ನಾಳದಲ್ಲಿ ಸದ್ಯಕ್ಕೆ ಏನೂ ಕಾಣಲಿಲ್ಲ. ಅವಳ ನಾಳದ ಗೋಡೆ ಅಲ್ಲಲ್ಲಿ ದಪ್ಪಗಾಗಿದೆ; ಪಟ್ಟಿಗೂ ಸಿಗದಷ್ಟು ಕಡಿಮೆ ಹುಳು ವರ್ಷಗಳಿಂದ ಇದ್ದಿರಬೇಕು. ಗಡ್ಡೆಯಿಲ್ಲ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ, ಏನಾದರೂ ಮೊಳೆತು ಬೇಗ ಸಿಕ್ಕರೆ ಆಪರೇಷನ್ ಮಾಡಬಹುದು, ಹಸಿ ಮೀನು ಮಾತ್ರ ಬೆರಳ ತುದಿಯಷ್ಟೂ ಬೇಡ ಎಂದರು ಡಾಕ್ಟರು. ಅಪ್ಪನ ಕಾಲಕ್ಕೆ ಇಷ್ಟು ಮಾತು ಹೇಳುವವರೂ ಇರಲಿಲ್ಲ.

ಬೆಳಗಿನ ಸುತ್ತು ಮುಗಿದಿದೆ. ಇವತ್ತು ಖಮ್‌ಪುನ್ ಗದ್ದೆಯಲ್ಲಿ ನಾಟಿ. ಬಾಟಲಿಗಳನ್ನು ಪಿಮ್‌ಪಾ ಕೈಗೆ ಒಪ್ಪಿಸಿದ ಬುವಾಲೈ ಸೀದಾ ಅಲ್ಲಿಗೇ ಬರುತ್ತಾರೆ, ಹಿಂದೆ ನಾನೂ. ನಿಮ್ಮ ಆಸೆ ಏನು ಎಂದು ದಾರಿಯಲ್ಲಿ ಕೇಳುತ್ತೇನೆ. "ಈ ಬುಟ್ಟೀಲಿ ಒಂದು ದಿನ ತರಕಾರಿ ಇಟ್ಕೊಂಡು ಹೋಗ್ಬೇಕು. ಭಿಕ್ಕುಗಳ ಎದುರಿಗೇ, ಟವೆಲ್ ಮುಚ್ಚದೇ," ಎನ್ನುತ್ತಾರೆ.

ಮಧ್ಯಾಹ್ನ. ಕೆಸರುಕಾಲಿನ ಜನ ಗುಡಿಸಲ ನೆರಳಿಗೆ ಬಂದು ಕೂತಿದ್ದಾರೆ. ಖಮ್‌ಪುನ್ ಒಲೆಯ ಮುಂದಿದ್ದಾನೆ. ಕೊಚ್ಚಿದ ಮೀನು ಬಾಣಲೆಯಲ್ಲಿ ಕೊತಕೊತ ಬೇಯುತ್ತಿದೆ, ನಿಂಬೆ, ಚಗಳಿ, ಪುದೀನ ಪಕ್ಕದಲ್ಲಿ ಕಾಯುತ್ತಿವೆ.

ಸಾವೇಂಗ್ ಅಜ್ಜ ಮೂಗು ಮುರಿಯುತ್ತಾನೆ. "ಏನಯ್ಯಾ ಖಮ್‌ಪುನ್, ಬೇಯಿಸಿದ ಕೋಯ್ ಒಂದು ಕೋಯಾ? ಇಷ್ಟು ಒಳ್ಳೇ ಮೀನು ಹಾಳು ಮಾಡಿದೆಯಲ್ಲ!"

"ತಿನ್ನೋದಾದ್ರೆ ತಿನ್ನಜ್ಜ, ಇಲ್ಲಾಂದ್ರೆ ಬರೀ ಅನ್ನ ತಿನ್ನು," ಎನ್ನುತ್ತಾನೆ ಖಮ್‌ಪುನ್, ಬಾಣಲೆಯಿಂದ ಕಣ್ಣೆತ್ತದೆ. "ಉಪ್ಪು ನೋಡೋಳು ನನಗೆ ಇನ್ನೂ ಬೇಕು."

ಥೋಂಗ್‌ಸಾಯ್ ಎದ್ದು ಬಂದು, ಎಂದಿನ ಅಭ್ಯಾಸದಲ್ಲಿ, ಬಾಣಲೆಗೆ ಬೆರಳು ಅದ್ದುತ್ತಾಳೆ. "ಅಯ್ಯೋ, ಸುಡ್ತದೆ!" ಎಂದು ಕೈ ಕೊಡವುತ್ತಾಳೆ.

"ಸುಡ್ಲಿ ಬಿಡಿ ಅತ್ತಿಗೆ," ಎನ್ನುತ್ತಾರೆ ಬುವಾಲೈ, ಒಂದು ಮಗ್ಗು ತಣ್ಣೀರು ಹಿಡಿದು ಅವಳ ಪಕ್ಕ ಕೂರುತ್ತಾ. "ನಾನು ದಿನಾ ಕತ್ತಲಲ್ಲಿ ಏಳೋದು ಮತ್ಯಾಕೆ?"